ಆರನೇ ಕರಡಿಗೆ ಆರನೇ ಠರಾವು

ಮಲೆನಾಡಿನ ಪಂಚಾಯಿತಿ ನಡಾವಳಿ ಪುಸ್ತಕಗಳಲ್ಲಿ ಹಳತಾಗದ ಠರಾವು ಒಂದಿದೆ: 'ಕಾಡುಪ್ರಾಣಿ ಉಳಿಸುವ ನೆಪದಲ್ಲಿ ಊರಿನ ಜಾಗ ಮುಚ್ಚುವುದಕ್ಕೆ ಈ ಸಭೆಯ ತೀವ್ರ ವಿರೋಧವಿದೆ.' ವಿಜ್ಞಾನಿ ಕಸ್ತೂರಿರಂಗನ್ ನೇತೃತ್ವದ ಸಮಿತಿಯ ವರದಿಯ ಆಧಾರದ ಮೇಲೆ ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸುವ ಕರಡು ಅಧಿಸೂಚನೆ ಮೊದಲು ಬಂದದ್ದು 2014ರಲ್ಲಿ. ಅಂತಿಮವಾಗಲಿಲ್ಲ, ಅವಧಿ ಮುಗಿದು ಸತ್ತಿತು. ಆಮೇಲೆ 2015, 2017, 2018, 2022. 2024ರ ಜುಲೈ 31ರದ್ದು ಆರನೆಯದು. ವಯನಾಡಿನಲ್ಲಿ ಗುಡ್ಡ ಕುಸಿದ ಮರುದಿನದ ತಾರೀಖು. ಪ್ರತಿ ಸಲವೂ ಆಕ್ಷೇಪಣೆಗೆ 60 ದಿನ, ಪ್ರತಿ ಸಲವೂ ಪಟ್ಟಿಯಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್.

ಇಷ್ಟು ಅಭ್ಯಾಸವಾದ ಮೇಲೆ ಆಕ್ಷೇಪಣೆ ಬರೆಯುವುದಕ್ಕೂ ಒಂದು ಪಾಕವಿಧಾನ ಹುಟ್ಟಿಕೊಂಡಿದೆ. ಮೊದಲ ಎಚ್ಚರಿಕೆ, ಕರಡನ್ನು ಓದಬಾರದು. ಓದಿದರೆ ಹದ ಕೆಡುತ್ತದೆ. ಯಾಕೆಂದರೆ ಅದರಲ್ಲಿ ಪೂರ್ತಿ ನಿಷೇಧವೆಂದು ಬರೆದಿರುವುದು ಗಣಿ, ಕಲ್ಲು ಕ್ವಾರಿ, ಮರಳುಗಾರಿಕೆ. ಈಗ ನಡೆಯುತ್ತಿರುವವು ಐದು ವರ್ಷದಲ್ಲಿ ಅಥವಾ ಗುತ್ತಿಗೆ ಮುಗಿದಾಗ, ಯಾವುದು ಮೊದಲೋ ಆಗ, ನಿಲ್ಲಬೇಕು. ಹೊಸ ಶಾಖೋತ್ಪನ್ನ ಸ್ಥಾವರ ಬೇಡ, ಅತಿ ಹೆಚ್ಚು ಮಾಲಿನ್ಯ ಮಾಡುವ 'ಕೆಂಪು ವರ್ಗ'ದ ಹೊಸ ಕೈಗಾರಿಕೆ ಬೇಡ, 20,000 ಚದರ ಮೀಟರಿಗೆ ಮೇಲ್ಪಟ್ಟ ಹೊಸ ಕಟ್ಟಡ ಬೇಡ. ಇರುವ ಮನೆಯ ದುರಸ್ತಿಗೆ ಅಡ್ಡಿಯಿಲ್ಲ, ಜಮೀನಿನ ಮಾಲೀಕತ್ವ ಬದಲಾವಣೆಗೂ ಇಲ್ಲ.

ಸಭೆಯಲ್ಲಿ ಮಾತ್ರ 'ಹೆಂಚು ಕೈಯಾಡಿಸಲೂ ದಿಲ್ಲಿಯ ಅಪ್ಪಣೆ ಬೇಕಂತೆ' ಎಂದೇ ಶುರು. 20,000 ಚದರ ಮೀಟರ್ ಎಂದರೆ ಸುಮಾರು 2.15 ಲಕ್ಷ ಚದರ ಅಡಿ. 30×40ರ ಸೈಟು ಇಡೀ ತುಂಬಿ ಕಟ್ಟಿದ 179 ಮನೆ. ಅಷ್ಟು ದೊಡ್ಡ ಕೊಟ್ಟಿಗೆ ಯಾರ ಮನೆಯಲ್ಲಿದೆಯೋ! ಅಡಿಕೆಗೆ ಔಷಧ ಹೊಡೆಯುವಾಗ ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಎಂದು ಕಣ್ಣು ಮುಚ್ಚಿಯೂ ಅಳತೆ ತಪ್ಪದ ಜನ, ಈ ಒಂದು ಅಳತೆಯಲ್ಲಿ ಮಾತ್ರ ಮೋಸ ಹೋಗುತ್ತಾರೆ. ಅಳತೆ ಗೊತ್ತಿರುವವರು ಹಿಂದಿನ ಸಾಲಿನಲ್ಲಿ ಕೂತು ಜಲ್ಲಿಯ ಲೋಡಿನ ಲೆಕ್ಕ ಹಾಕುತ್ತಿರುತ್ತಾರೆ.

ಎರಡನೇ ಎಚ್ಚರಿಕೆ: ಠರಾವಿನಲ್ಲಿ 'ಕ್ವಾರಿ' ಎಂಬ ಪದ ಬರಕೂಡದು. ಅದನ್ನು 'ಅಭಿವೃದ್ಧಿ ಕಾಮಗಾರಿ' ಎಂಬ ಗೋಣಿಯೊಳಗೆ ಹಾಕಿ ಬಾಯಿ ಕಟ್ಟಬೇಕು. ಮೇಲೆ ಶಾಲೆ, ದೇವಸ್ಥಾನ, ಶ್ಮಶಾನಗಳನ್ನು ಪೇರಿಸಿದರೆ ಯಾರೂ ಬಿಚ್ಚಿ ನೋಡುವುದಿಲ್ಲ.

ದಿಲ್ಲಿಯ ಜೋರ್‌ಬಾಗ್ ರಸ್ತೆಯ ಪರಿಸರ ಸಚಿವಾಲಯದವರೇನು ಕಡಿಮೆಯೇ? ಕನ್ನಡದ ಊರುಗಳ ಹಣೆಬರಹವನ್ನು ರಾಜ್ಯಪತ್ರದಲ್ಲಿ ಹಿಂದಿ, ಇಂಗ್ಲಿಷಿನಲ್ಲಿ ಅಚ್ಚು ಹಾಕಿ, 'ಓದಿ ಹೇಳಿ' ಎನ್ನುತ್ತಾರೆ. ಗ್ರಾಮಸಭೆಯನ್ನು ಕೇಳಿ ಗಡಿ ಹಾಕಿ ಎಂದಿದ್ದ, ಪರಿಸರ ತಜ್ಞ ಮಾಧವ ಗಾಡ್ಗೀಳ್ ಸಮಿತಿಯ 2011ರ ವರದಿಯನ್ನು ವಿಪರೀತ ಬಿಗಿಯೆಂದು ಬದಿಗಿಟ್ಟರು. ಉಪಗ್ರಹದಿಂದ ನೋಡಿ, ಶೇ. 20ರಷ್ಟು ನೈಸರ್ಗಿಕ ಭೂದೃಶ್ಯ ಕಂಡರೆ ಇಡೀ ಗ್ರಾಮವನ್ನೇ ಪಟ್ಟಿಗೆ ಹಾಕುವ ಕಸ್ತೂರಿರಂಗನ್ ವರದಿಯನ್ನು ಕೈಗೆತ್ತಿಕೊಂಡರು. ಅಷ್ಟು ಮೇಲಿಂದ ಕಾಡಿನ ಹಸಿರಿಗೂ ಕಾಫಿ ತೋಟದ ನೆರಳಿಗೂ ವ್ಯತ್ಯಾಸ ಎಷ್ಟು ಕಂಡೀತು? ಇದು ನಿಜವಾದ ತಕರಾರು. ಅರಣ್ಯ ಹಕ್ಕು ಕಾಯ್ದೆಯಡಿ ಜಮೀನಿನ ಹಕ್ಕು ಪಡೆಯಲು 75 ವರ್ಷದ ವಾಸದ ದಾಖಲೆ ಹುಡುಕಿ ಸೋತವರ ತಕರಾರೂ ನಿಜ. ಇವೆರಡನ್ನೂ ಸರ್ವೆ ನಂಬರ್ ಸಮೇತ, ನಕ್ಷೆ ಹಚ್ಚಿ ಬರೆದರೆ ಉತ್ತರ ಕೊಡುವುದು ಇಲಾಖೆಗೂ ಕಷ್ಟ. ಆದರೆ ಸರ್ವೆ ನಂಬರ್ ಬರೆಯಹೊರಟರೆ ಕ್ವಾರಿಯದ್ದೂ ಬರೆಯಬೇಕಾಗುತ್ತದಲ್ಲ.

ಇನ್ನು ಕಾಡುಪ್ರಾಣಿಗಳ ವಿಚಾರ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಪ್ರಾಣಿ, ಗಿಡಮೂಲಿಕೆ, ತಳಿಗಳ ದಾಖಲಾತಿ ಬರೆದಿಡಬೇಕು. ಆ ದಾಖಲಾತಿಯನ್ನು ಕೇಳಿದರೆ ಪಿಡಿಒ ಬೀರುವಿನ ಕೀಲಿಕೈ ಹುಡುಕುತ್ತಾರೆ. ಆಕ್ಷೇಪಣೆಯ ಕಡತ ಮಾತ್ರ ಮೇಜಿನ ಮೇಲೆಯೇ ಇದೆ. ಮುಂದಿನ ಕರಡಿಗೆಂದು ಠರಾವಿನ ನಕಲುಗಳು ಸಿದ್ಧವಾಗಿವೆ. ತಾರೀಖಿನ ಜಾಗದಲ್ಲಿ '20' ಅಚ್ಚಾಗಿದೆ, ಮುಂದಿನ ಎರಡು ಅಂಕಿಗೆ ಚುಕ್ಕಿ ಬಿಟ್ಟಿದ್ದಾರೆ.