ಎಲ್ಲಾ ವೆದರ್ ಸ್ವಾಮಿ

ಶಿವಮೊಗ್ಗದಲ್ಲಿ ಎಲ್ಲಾದರೂ ನಿಂತು ಒಂದು ಸಲ ಕೆಮ್ಮಿ ನೋಡಿ. ಪಕ್ಕದವರು ಮೊಬೈಲಿನಿಂದ ತಲೆ ಎತ್ತದೆ ಹೇಳುತ್ತಾರೆ, "ವೆದರ್." ಎರಡನೇ ಸಲ ಕೆಮ್ಮಿದರೆ, "ವೆದರ್ ಚೇಂಜ್ ಆಗ್ತಿದೆ ಅಲ್ವಾ." ಮೂರನೇ ಸಲಕ್ಕೆ ಕಷಾಯ ಮಾಡುವ ವಿಧಾನ ಶುರುವಾಗುತ್ತದೆ. ಜೂನಿನಲ್ಲಿ ಮಳೆ ಹಿಡಿಯಿತು, ವೆದರ್. ಅಕ್ಟೋಬರಿನಲ್ಲಿ ಮಳೆ ಬಿಟ್ಟಿತು, ವೆದರ್. ಜನವರಿಯಲ್ಲಿ ಚಳಿ, ಮಾರ್ಚಿನಲ್ಲಿ ಸೆಕೆ. ವರ್ಷದ ಹನ್ನೆರಡು ತಿಂಗಳೂ ವೆದರ್ ಚೇಂಜ್ ಆಗುತ್ತದೆ, ಕೆಮ್ಮು ಮಾತ್ರ ಚೇಂಜ್ ಆಗುವುದಿಲ್ಲ.

ಡಿಸೆಂಬರಿನಲ್ಲಿ ನನಗೂ ವೆದರ್ ಬಂತು.

ಬೆಳಗ್ಗೆ ಆರೂವರೆಗೆ ನಾನು, ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು ಊರಾಚೆಯ ರಸ್ತೆಯಲ್ಲಿ ವಾಕಿಂಗ್ ಹೋಗುತ್ತೇವೆ. ಅಡಿಕೆ ಕೊಯ್ಲಿನ ಕಾಲ. ಸುಲಿದ ಮೇಲೆ ಉಳಿದ ಹಸಿ ಸಿಪ್ಪೆಯನ್ನು ಟ್ರ್ಯಾಕ್ಟರಿನಲ್ಲಿ ತಂದು ರಸ್ತೆ ಬದಿಗೆ ಸುರಿದು ಹೋಗಿರುತ್ತಾರೆ. ಆಮೇಲೆ ಯಾರೋ ಬೆಂಕಿ ಇಡುತ್ತಾರೆ. ಯಾರು ಅಂತ ಮಾತ್ರ ಕೇಳಬೇಡಿ. ಸಿಪ್ಪೆ ರಾಶಿಗೆ ಬೆಂಕಿ ಇಟ್ಟವನನ್ನು ಕಣ್ಣಾರೆ ಕಂಡವರು ಈ ಜಿಲ್ಲೆಯಲ್ಲಿ ನನಗಿನ್ನೂ ಸಿಕ್ಕಿಲ್ಲ.

ಹಸಿ ಸಿಪ್ಪೆ ಧಗಧಗ ಉರಿಯುವುದಿಲ್ಲ. ಮೇಲೆ ಬೂದಿ, ಒಳಗೆ ಒದ್ದೆ, ನಡುವೆ ಎಲ್ಲೋ ಒಂದು ಕೆಂಡ. ಹೀಗೆ ವಾರಗಟ್ಟಲೆ ಕುಮುಲುತ್ತಲೇ ಇರುತ್ತದೆ. ಉರಿದು ಬೂದಿಯಾಗುವ ಬೆಂಕಿಗಿಂತ ಹೀಗೆ ಕುಮುಲುವ ಬೆಂಕಿಯೇ ಜಾಸ್ತಿ ಹೊಗೆ ಕೊಡುವುದು. ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ಕಣಗಳ ಜೊತೆಗೆ ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ನಂಥ ಉರಿ ಹತ್ತಿಸುವ ಅನಿಲಗಳೂ ಇರುತ್ತವೆ. ರಾಶಿಯ ಬೆಚ್ಚಗಿನ ಮಗ್ಗುಲಲ್ಲಿ ಒಂದು ಕಂದು ನಾಯಿ ದಿನಾ ಮುದುರಿಕೊಂಡು ಮಲಗಿರುತ್ತದೆ. ಅದೂ ಆಗಾಗ ಸೀನುತ್ತದೆ. ಸ್ವಲ್ಪ ಮುಂದೆ ಕಲ್ಲುಬೆಂಚಿನ ಮೇಲೆ ನಾಲ್ಕು ಜನ ಸಾಲಾಗಿ ಕೂತು ಅನುಲೋಮ ವಿಲೋಮ ಮಾಡುತ್ತಿರುತ್ತಾರೆ. ಎಡ ಹೊಳ್ಳೆಯಲ್ಲಿ ಸಿಪ್ಪೆ ಹೊಗೆ ಒಳಗೆ, ಬಲ ಹೊಳ್ಳೆಯಲ್ಲಿ ಹೊರಗೆ. ಶಿವಮೊಗ್ಗ ಮಲೆನಾಡಿನ ಹೆಬ್ಬಾಗಿಲು ಅಲ್ವಾ? ಬಾಗಿಲಲ್ಲಿ ಧೂಪ ಹಾಕಿ ಸ್ವಾಗತಿಸುವುದು ನಮ್ಮ ಸಂಪ್ರದಾಯ.

ಕೆಮ್ಮು ಹತ್ತು ದಿನ ಬಿಡಲಿಲ್ಲ. ಡಾಕ್ಟರ ಹತ್ತಿರ ಹೋದೆ. ಅವರ ರೂಮಿನ ಗೋಡೆಯಲ್ಲಿ ಒಂದು ಬಿಳಿ ಡಬ್ಬಿ ಇತ್ತು. ಐದಾರು ನಿಮಿಷಕ್ಕೊಮ್ಮೆ ತಾನಾಗಿ 'ಪುಸ್' ಅನ್ನುತ್ತಿತ್ತು. ಮಲ್ಲಿಗೆ ಪರಿಮಳ. ಅದು ಪುಸ್ ಅಂದಾಗಲೆಲ್ಲ ನಾನು ಕೆಮ್ಮಿದೆ, ನಾನು ಕೆಮ್ಮಿದಾಗಲೆಲ್ಲ ಅವರು ಒಂದು ಮಾತ್ರೆ ಬರೆದರು. ಮೂರು ಪುಸ್ಸಿಗೆ ಚೀಟಿ ತುಂಬಿತು.

"ಏನಾಗಿದೆ ಡಾಕ್ಟ್ರೇ?"

"ಏನಿಲ್ಲ, ವೆದರ್."

ಹಾಗಂತ ಎಲ್ಲ ಕೆಮ್ಮನ್ನೂ ನಾವು ವೆದರ್ ತಲೆಗೇ ಕಟ್ಟುವುದಿಲ್ಲ. ಬಚ್ಚಲಲ್ಲಿ ಸ್ನಾನಕ್ಕೆ ಕೂತವರಿಗೂ ಒಳಗೆ ಒಗ್ಗರಣೆಗೆ ಒಣಮೆಣಸು ಸೀದದ್ದು ಗೊತ್ತಾಗುತ್ತದೆ. ಜಗಲಿಯಲ್ಲಿರುವ ಅಜ್ಜ, ತೊಟ್ಟಿಲಲ್ಲಿರುವ ಮಗು, ಆಗಷ್ಟೇ ಬಂದ ನೆಂಟರು ಎಲ್ಲರೂ ಒಟ್ಟಿಗೆ ಕೆಮ್ಮುತ್ತಾರೆ. ಆಗ ಯಾರಾದರೂ "ವೆದರ್" ಅಂತಾರಾ? "ಯಾರೇ ಅದು ಮೆಣಸು ಸೀಯಿಸಿದ್ದು!" ಅಂತಾರೆ. ಆ ಘಾಟಿಗೆ ಕಾರಣ ಮೆಣಸಿನ ಖಾರದ ಅಂಶ, ಕ್ಯಾಪ್ಸೈಸಿನ್. ಕೆಮ್ಮಿನ ಮೇಲೆ ಸಂಶೋಧನೆ ಮಾಡುವವರು ಜನರಿಗೆ ಕೆಮ್ಮು ಬರಿಸಿ ನೋಡುವುದೂ ಇದನ್ನೇ ಮೂಸಿಸಿ. ನಮ್ಮ ಅಡುಗೆಮನೆಗಳಲ್ಲಿ ಈ ಪ್ರಯೋಗ ತಲೆತಲಾಂತರದಿಂದ ನಡೆಯುತ್ತಿದೆ.

ಮಳೆಗಾಲದ ಪತ್ರೊಡೆಯನ್ನೇ ನೋಡಿ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಹುಣಸೆಹುಳಿ ಕಮ್ಮಿಯಾದರೆ, ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ. ಮೊದಲ ತುತ್ತಿಗೇ ಊಟಕ್ಕೆ ಕೂತ ಸಾಲಿಗೆ ಸಾಲೇ ಅಡುಗೆಮನೆ ಕಡೆ ತಿರುಗುತ್ತದೆ. ನಸುಗುನ್ನಿ ಕಾಯಿ ತಾಗಿದರೆ ನಸುಗುನ್ನಿಯನ್ನೇ ಬಯ್ಯುತ್ತೇವೆ. ಕರಿಗೇರಿನ ಸೊನೆ ತಾಗಿ ಮೈ ಬೊಬ್ಬೆಯೆದ್ದರೆ ಕರಿಗೇರಿನ ಮರ ಅಂತಲೇ ಹೇಳುತ್ತೇವೆ. ಗಿಡಮರಗಳ ಮೇಲೆ ನಾವು ಎಷ್ಟು ಬೇಗ ಎಫ್‌ಐಆರ್ ಹಾಕುತ್ತೇವೆ ನೋಡಿ. ಟ್ರ್ಯಾಕ್ಟರ್ ಇರುವವನ ಮೇಲೆ ಹಾಕಲು ಬರುವುದಿಲ್ಲ.

ಹಾಗಂತ ಸುಮ್ನೆ ಕೂರಲಿಲ್ಲ. ಸಂಬಂಧಪಟ್ಟ ಒಂದು ಕಚೇರಿಗೆ ಅರ್ಜಿ ತೆಗೆದುಕೊಂಡು ಹೋದೆ. ವಾಯುಮಾಲಿನ್ಯ ತಡೆಯುವ ಕಾಯ್ದೆ 1981ರಲ್ಲೇ ಬಂದಿದೆ, ಧೈರ್ಯ ಮಾಡಿ ಅದನ್ನೂ ಬರೆದಿದ್ದೆ. ಸಾಹೇಬರು ಓದಿದರು. ಕಿಟಕಿ ಕಡೆ ನೋಡಿದರು.

"ಹೊಗೆ ಅಲ್ಲ ಸಾರ್ ಅದು. ಮಂಜು. ಮಲೆನಾಡು ಅಲ್ವಾ."

"ಮಂಜಿಗೆ ಸಿಪ್ಪೆ ಸುಟ್ಟ ವಾಸನೆ ಬರುತ್ತಾ ಸಾರ್?"

"ಅದು ವೆದರ್ ಮೇಲೆ ಡಿಪೆಂಡು."

ನಾನು ಕೆಮ್ಮಿದೆ. ಅವರು ಗಾಬರಿಯಾಗಿ ಟೇಬಲ್ ಮೇಲಿದ್ದ ಮಾಸ್ಕ್ ಎತ್ತಿಕೊಂಡರು. ಹೊಗೆಗೆ ಹೆದರದ ಮನುಷ್ಯ ನನಗೆ ಹೆದರಿದ.

ಅವರ ಮಾತಿನಲ್ಲಿ ಕಾಲುಭಾಗ ಸತ್ಯ ಇಲ್ಲದಿಲ್ಲ. ಚಳಿಗಾಲದ ಬೆಳಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗಿರುತ್ತದೆ, ಮೇಲಿನದು ಬೆಚ್ಚಗಿರುತ್ತದೆ. ಆಗ ಹೊಗೆ ಮೇಲೇಳದೆ ನಮ್ಮ ಮೂಗಿನ ಮಟ್ಟದಲ್ಲೇ ಹಾಸಿಕೊಂಡಿರುತ್ತದೆ. ಅಂದರೆ ವೆದರ್ ಬರೀ ಮುಚ್ಚಳ. ಪಾತ್ರೆಯಲ್ಲಿ ಬೇಯಲು ಇಟ್ಟದ್ದು ನಾವೇ. ಬೆಂಗಳೂರಿನಿಂದ ಬಂದವರು ಕಾರು ನಿಲ್ಲಿಸಿ ಅದರ ಮುಂದೆ ಸೆಲ್ಫಿ ತೆಗೆದುಕೊಂಡು 'ಮಿಸ್ಟಿ ಮಲ್ನಾಡ್' ಅಂತ ಹಾಕುತ್ತಾರೆ. ಪಾಪ, ಅವರಿಗೂ ರಾತ್ರಿಗೆ ವೆದರ್ ಬರುತ್ತದೆ.

ಅಂದ ಹಾಗೆ, ನಮ್ಮ ದೇಶದ ಲೆಕ್ಕದಲ್ಲಿ ಪಿಎಂ 2.5 ಅನ್ನುವ ಸಣ್ಣ ಕಣ 24 ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ತನಕ ಇರಬಹುದು. ಕೂದಲಿನ ದಪ್ಪದ ಮೂವತ್ತರಲ್ಲಿ ಒಂದು ಪಾಲಿರುವ ಕಣ ಅದು. ಮೂಗಿನ ಕೂದಲು, ಗಂಟಲಿನ ಲೋಳೆ ಎಲ್ಲ ಚೆಕ್‌ಪೋಸ್ಟ್ ದಾಟಿ ಶ್ವಾಸಕೋಶದ ತಳದವರೆಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ಅಂದರೆ ಪ್ರಪಂಚದ ಬೇರೆಯವರಿಗಿಂತ ನಮ್ಮ ಶ್ವಾಸಕೋಶ ಸರಿಯಾಗಿ ನಾಲ್ಕು ಪಟ್ಟು ಗಟ್ಟಿ. ಎದೆ ತಟ್ಟಿಕೊಳ್ಳೋಣ ಅಂದರೆ ಕೆಮ್ಮು ಬರುತ್ತದೆ.

ಇನ್ನು ಚರ್ಮ. ಅದಕ್ಕೂ ವೆದರೇ. ನಮ್ಮ ಬೀದಿಯಲ್ಲಿ ಚರಂಡಿ ಕೆಲಸಕ್ಕೆ ಬಂದಿದ್ದ ಗಾರೆ ಹುಡುಗನ ಅಂಗೈ ನೋಡಿದೆ. ಬೆರಳ ಸಂದಿಯಲ್ಲಿ ಬೇಸಿಗೆಯ ಕೆರೆಯಂತೆ ಬಿರುಕು. ಹಸಿ ಸಿಮೆಂಟಿನ ಕ್ಷಾರ ಎಷ್ಟು ಜೋರು ಅಂದರೆ ಆಮ್ಲ-ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ ಅದು 12 ದಾಟುತ್ತದೆ. ನಮ್ಮ ಚರ್ಮ ಸುಮಾರು 5ರ ಹತ್ತಿರದ್ದು. ದಿನವಿಡೀ ಬರಿಗೈಯಲ್ಲಿ ಕಲಸಿದರೆ ಅಲರ್ಜಿಯೇ ಇರಬೇಕು ಅಂತಿಲ್ಲ, ಯಾರ ಕೈಯಾದರೂ ಒಡೆಯುತ್ತದೆ. ಜೊತೆಗೆ ಅದರಲ್ಲಿರುವ ಕ್ರೋಮಿಯಂ ಕೆಲವರಿಗೆ ನಿಜವಾದ ಅಲರ್ಜಿಯನ್ನೇ ಹಚ್ಚಿ ಹೋಗುತ್ತದೆ. "ಗ್ಲೌಸ್ ಕೊಡಲ್ವೇನಪ್ಪಾ?" ಅಂದೆ. ಮೇಸ್ತ್ರಿ ನಡುವೆ ಬಾಯಿ ಹಾಕಿದ, "ಚಳಿಗೆ ಕೈ ಒಡೆದಿದೆ ಸಾರ್, ವ್ಯಾಸಲೀನ್ ಹಚ್ಕೊತಾನೆ." ನಾವು ಅಡಿಕೆ ಕೊನೆ ಕೊಳೆಯಬಾರದು ಅಂತ ಮಳೆಗಾಲದಲ್ಲಿ ಒಂದೊಂದು ಕೊನೆಗೂ ಕೊಟ್ಟೆ ಕಟ್ಟುವ ಜನ. ಮೈಲುತುತ್ತ, ಸುಣ್ಣ ಕಲಸಿ ಔಷಧಿ ಹೊಡೆಯುವವನ ಕೈಗೆ ಒಂದು ಚೀಲ ಸುತ್ತಲೂ ನೆನಪಾಗುವುದಿಲ್ಲ. ಮರಕ್ಕೆ ರೇಟಿದೆ ನೋಡಿ.

ಎದುರುಮನೆ ಅತ್ತಿಗೆಯದು ಇನ್ನೊಂದು ಕತೆ. ಪ್ರತಿ ಶುಕ್ರವಾರ ಬಚ್ಚಲು ತೊಳೆಯಲು ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಅದು ಸಾಲದು ಅಂತ ಮೇಲೆ ಆಸಿಡ್ ಸುರಿಯುತ್ತಾರೆ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಉಸಿರಿನ ದಾರಿಯ ತೇವ ಸಿಕ್ಕಿದ ಕೂಡಲೇ ಆಮ್ಲವಾಗುತ್ತದೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪರ್ ಊರಿನ ಹತ್ತಿರ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟಿದ್ದು ಇದನ್ನೇ. ಅಲ್ಲಿ ಅದನ್ನು ಯುದ್ಧ ಅಂದರು. ನಮ್ಮ ಬೀದಿಯಲ್ಲಿ ಮಡಿ ಅನ್ನುತ್ತಾರೆ. ಅತ್ತಿಗೆ ಬಚ್ಚಲಿನಿಂದ ಸೆರಗು ಮುಚ್ಚಿಕೊಂಡು ಓಡಿ ಬಂದು, ಕಣ್ಣೊರೆಸಿಕೊಂಡು, "ಯಾಕೋ ಎದೆ ಹಿಡ್ಕೊಳುತ್ತೆ ಕಣ್ರೀ, ಈ ಹಾಳು ವೆದರ್‌ಗೆ" ಅನ್ನುತ್ತಾರೆ.

ಕಾಂಗ್ರೆಸ್ ಗಿಡದ ವಿಷಯ ಎತ್ತುವುದಿಲ್ಲ. ಮೈ ತುರಿಕೆ, ಉಬ್ಬಸ ಎರಡನ್ನೂ ತರಬಲ್ಲ ಗಿಡ ಅದು. ಆದರೆ ಹೆಸರು ಹೇಳಿದರೆ ಒಂದು ಪಕ್ಷದವರಿಗೆ ಸಿಟ್ಟು, ಕಿತ್ತು ಹಾಕಿ ಅಂದರೆ ಇನ್ನೊಂದು ಪಕ್ಷದವರಿಗೆ ಚಪ್ಪಾಳೆ. ಗಿಡ ಮಾತ್ರ ಎಲ್ಲರ ಆಡಳಿತದಲ್ಲೂ ಚೆನ್ನಾಗಿ ಬೆಳೆದಿದೆ.

ಇಷ್ಟೆಲ್ಲ ಹೇಳುವ ನಾನೇನು ಸಾಚಾ ಅಲ್ಲ. ರಾತ್ರಿ ಕಿಟಕಿ ಮುಚ್ಚಿ, ಮಂಚದ ಕೆಳಗೆ ಸೊಳ್ಳೆ ಬತ್ತಿ ಹಚ್ಚಿ ಮಲಗುವವನು. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣ ಬಿಡುತ್ತದೆ ಅಂತ 2003ರ ಒಂದು ಅಧ್ಯಯನ ಅಳೆದು ಹೇಳಿದೆ. ನಾನು ಸಿಗರೇಟು ಬಿಟ್ಟು ಹನ್ನೊಂದು ವರ್ಷ ಆಯಿತು ಅಂತ ಸಿಕ್ಕವರ ಹತ್ತಿರವೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಸ್ವಲ್ಪ ಮೆಲ್ಲಗೆ ಹೇಳುತ್ತೇನೆ.

ಹೋದ ವಾರ ಇದ್ದಕ್ಕಿದ್ದಂತೆ ರಾತ್ರಿಯಿಡೀ ಮಳೆ. ಕಾಲವಲ್ಲದ ಕಾಲದಲ್ಲಿ, ಜಡಿ ಹಿಡಿದು. ಬೆಳಗ್ಗೆ ವಾಕಿಂಗ್ ಹೋದರೆ ಸಿಪ್ಪೆ ರಾಶಿ ತಣ್ಣಗೆ ಕಪ್ಪಾಗಿ ಕೂತಿತ್ತು. ಒಂದೆಳೆ ಹೊಗೆಯಿಲ್ಲ. ಬೆಚ್ಚಗಿನ ಜಾಗ ಹೋದ ಬೇಜಾರಿಗೆ ನಾಯಿ ಬಸ್ ಸ್ಟಾಪಿನೊಳಗೆ ಮಲಗಿತ್ತು. ಎಷ್ಟೋ ದಿನದ ಮೇಲೆ ದೂರದ ಗುಡ್ಡದ ಸಾಲು ಕಾಣಿಸಿತು. ಕಲ್ಲುಬೆಂಚಿನ ತನಕ ನಡೆದರೂ ನನಗೆ ಒಂದು ಕೆಮ್ಮು ಬರಲಿಲ್ಲ.

ಮೇಷ್ಟ್ರು ಆಕಾಶ ನೋಡಿದರು. ಮಫ್ಲರ್ ಎಳೆದು ಕಿವಿಗೆ ಬಿಗಿದುಕೊಂಡರು.

"ವೆದರ್ ಕೆಟ್ಟೋಯ್ತು ಕಣ್ರೀ. ಹುಷಾರಾಗಿರಿ, ಕೆಮ್ಮು ಬರುತ್ತೆ."