ಮುಳುಗೋ ಟೈಮ್‌ಟೇಬಲ್ ಬಂತು, ಸೇವ್ ಮಾಡ್ಕೊಳ್ಳಿ

ಬಂತು ನೋಡಿ ಈ ವರ್ಷದ ಲಿಸ್ಟು. ಸಮುದ್ರದ ಉಬ್ಬರ 4.5 ಮೀಟರ್ ದಾಟೋ ದಿನಗಳು, ತಾರೀಕು ಗಂಟೆ ನಿಮಿಷದ ಸಮೇತ. ಬಿಲ್ಡಿಂಗ್ ಗ್ರೂಪಲ್ಲಿ ಬೆಳಿಗ್ಗೆಯಿಂದ ಎಲ್ರೂ ಅದನ್ನೇ ಫಾರ್ವರ್ಡ್ ಮಾಡ್ತಿದಾರೆ, ಒಬ್ರಂತೂ ಕೆಳಗೆ ಗಣಪತಿ ಫೋಟೋನೂ ಹಾಕಿದಾರೆ. ಮುಂಬೈ ಪಾಲಿಕೆಯ ಈ ಪ್ರತಿಭೆಗೆ ನಮಸ್ಕಾರ. ನೀರು ನಿಲ್ಲೋ ಜಾಗದ ಲಿಸ್ಟು, ಗುಡ್ಡ ಕುಸಿಯೋ ಜಾಗದ ಲಿಸ್ಟು, ಸಿ-ಒನ್ ಅಂದ್ರೆ ಇವತ್ತೋ ನಾಳೆಯೋ ಬೀಳೋ ಬಿಲ್ಡಿಂಗಿನ ಲಿಸ್ಟು. ನಿಮ್ಮ ಗಂಡಾಂತರ ಯಾವ ಮಧ್ಯಾಹ್ನ ಎಷ್ಟೊತ್ತಿಗೆ ಅಂತ ಇಷ್ಟು ಕರಾರುವಾಕ್ಕಾಗಿ ಹೇಳೋ ಜ್ಯೋತಿಷಿ ಉಡುಪಿ ರಥಬೀದಿಯಲ್ಲೂ ಸಿಗಲ್ಲ, ಆದ್ರೆ ಅವನು ಕೊನೆಗೆ ಒಂದು ಶಾಂತಿಹೋಮನಾದ್ರೂ ಹೇಳ್ತಾನೆ.

2025ರ ಮೇ ತಿಂಗಳು ನೆನಪಿದೆಯಲ್ಲ. 7ನೇ ತಾರೀಕು ಯುದ್ಧ ಬಂದ್ರೆ ಏನು ಮಾಡ್ಬೇಕು ಅಂತ ಇಡೀ ದೇಶದಲ್ಲಿ ಮಾಕ್ ಡ್ರಿಲ್ಲು, ಇಲ್ಲೂ ಸೈರನ್ನು, ಸ್ಟ್ರೆಚರ್ರು, ಜನ ಓಡೋದು ಬಿಟ್ಟು ಮೊಬೈಲ್ ಎತ್ಕೊಂಡು ರೀಲ್ ಮಾಡಿದ್ದು. ಮೂರು ವಾರ ಆಗಿಲ್ಲ, 26ಕ್ಕೆ ಮಳೆ ಬಂತು, ಆಗಷ್ಟೇ ಶುರುವಾಗಿದ್ದ ಆಚಾರ್ಯ ಅತ್ರೆ ಚೌಕ್ ಮೆಟ್ರೋ ಸ್ಟೇಷನ್ನಿಗೆ ಕೆಸರು ನೀರು ಮೆಟ್ಟಿಲಿಳಿದು ಟಿಕೆಟ್ ಇಲ್ದೆ ನುಗ್ಗಿತು. ಸಮಜಾಯಿಷಿ ಏನಪ್ಪ ಅಂದ್ರೆ ಮಾನ್ಸೂನ್ 16 ದಿನ ಮೊದಲೇ ಬಂದ್ಬಿಟ್ಟಿದೆ. ತಪ್ಪು ಮಳೆದೇ. ನಾಲೆಸಫಾಯಿಗೆ, ಅಂದ್ರೆ ಚರಂಡಿ ಹೂಳೆತ್ತೋಕೆ, ಮೇ 31ರ ಡೆಡ್‌ಲೈನ್ ಇರುವಾಗ ಅದಕ್ಕಿಂತ ಮುಂಚೆ ಸುರಿಯೋ ಅಧಿಕಾರ ಅದಕ್ಕೆ ಕೊಟ್ಟವರ್ಯಾರು?

ನಮ್ಮವರಿಗೆ, ಅಂದ್ರೆ ಮುಂಬೈ ಕನ್ನಡಿಗರಿಗೆ, ಇದೆಲ್ಲ ಅಭ್ಯಾಸ ಆಗಿದೆ. ಮಾಟುಂಗದ ಕಿಂಗ್ಸ್ ಸರ್ಕಲ್ಲು, ಗಾಂಧಿ ಮಾರ್ಕೆಟ್ಟು, ಅಲ್ಲಿ ಜೋರು ಮಳೆಗೆ ಸೊಂಟದ ತನಕ ನೀರು ಅನ್ನೋದು ಸುದ್ದಿನೇ ಅಲ್ಲ. ಅಲ್ಲೊಂದು ನಮ್ಮವರ ಹೋಟೆಲ್ಲು, ಜೂನ್ ಬಂತು ಅಂದ್ರೆ ರವೆ, ಸಕ್ಕರೆ, ಉದ್ದಿನಬೇಳೆ ಮೂಟೆ ಎಲ್ಲ ಅಟ್ಟಕ್ಕೆ, ಫ್ರಿಜ್ಜಿನ ಕೆಳಗೆ ಇಟ್ಟಿಗೆ, ಗ್ರೈಂಡರಿನ ಪ್ಲಗ್ಗು ಎದೆಮಟ್ಟಕ್ಕೆ. ಕ್ಲೀನರ್ ಹುಡುಗ ಮೂರನೇ ಮೆಟ್ಟಿಲು ಮುಳುಗ್ತಾ ಇದ್ದ ಹಾಗೆ ಸಿಲಿಂಡರ್ ಬಂದ್ ಮಾಡಿ 'ಸೇಟ್, ಇನ್ನು ಕಾಫಿ ಇಲ್ಲ' ಅಂತ ಕೂಗ್ತಾನೆ, ನನ್ನ ಪ್ರಕಾರ ಇಡೀ ಶಹರದಲ್ಲಿ ಸರಿಯಾಗಿ ಕೆಲಸ ಮಾಡೋ ವಾರ್ನಿಂಗ್ ಸಿಸ್ಟಮ್ ಅದೊಂದೇ. ಆ ಕಡೆಯ ನೀರು ಸಮುದ್ರಕ್ಕೆ ಹೋಗ್ಬೇಕಾದ್ರೆ ಮಾಹುಲ್‌ನಲ್ಲಿ ಪಂಪಿಂಗ್ ಸ್ಟೇಷನ್ ಆಗ್ಬೇಕು, ಯಾಕಂದ್ರೆ ಉಬ್ಬರ ಇರುವಾಗ ಚರಂಡಿ ಬಾಯಿಗಿಂತ ಸಮುದ್ರ ಮೇಲಿರುತ್ತೆ, ನೀರು ಹೋಗೋದಿರ್ಲಿ ವಾಪಸ್ ಬರುತ್ತೆ. ಶಹರದ ಮಳೆನೀರು ಚರಂಡಿಗಳ ಬಗ್ಗೆ ಬ್ರಿಮ್‌ಸ್ಟೋವಾಡ್ ಅನ್ನೋ ವರದಿ ಇದನ್ನೆಲ್ಲ ಹೇಳಿದ್ದು 1993ರಲ್ಲಿ. 8 ಪಂಪಿಂಗ್ ಸ್ಟೇಷನ್ ಲೆಕ್ಕ, 6 ಆದ್ವು, ಮಾಹುಲ್‌ದು ಉಪ್ಪಿನಗದ್ದೆ ಜಾಗದ ತಕರಾರಲ್ಲಿ ವರ್ಷಗಟ್ಟಲೆ ಕೂತಿತು. ಮಧ್ಯೆ 2005ರ ಜುಲೈ 26 ಬಂದುಹೋಯ್ತು, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಅದಕ್ಕೂ ಕಮಿಟಿ, ಅದಕ್ಕೂ ರಿಪೋರ್ಟು.

ಹೂಳೆತ್ತೋದು ಮಾತ್ರ ಇಲ್ಲಿ ಪ್ರತಿವರ್ಷ 100 ಪರ್ಸೆಂಟು, ಕೆಲವು ಸಲ ಅದಕ್ಕಿಂತ ಜಾಸ್ತಿನೂ. ನಾಲೆಯಲ್ಲಿ ಇರೋದಕ್ಕಿಂತ ಜಾಸ್ತಿ ಹೂಳು ತೆಗೆಯೋಕೆ ಏನು ತಪಸ್ಸು ಬೇಕು ಹೇಳಿ. ಮೀಠಿ ನದಿ ಹೂಳಿನ 65 ಕೋಟಿ ಹಗರಣದಲ್ಲಿ ಹೂಳು ಸುರಿಯೋ ಜಾಗದ ಒಪ್ಪಂದ ಪತ್ರಗಳೇ ನಕಲಿ ಅಂತ ಕೇಸು. ಅಂದ್ರೆ ಕೆಸರು ಕಾಗದದಲ್ಲೇ ಎದ್ದು ಕಾಗದದಲ್ಲೇ ಬಿದ್ದಿದೆ, ಯಾರ ಅಂಗಿಗೂ ಕಲೆ ಆಗಿಲ್ಲ.

ಆಮೇಲೆ ಈ ಸ್ಟ್ರಕ್ಚರಲ್ ಆಡಿಟ್ಟು, ಅಂದ್ರೆ ಬಿಲ್ಡಿಂಗು, ಬ್ರಿಜ್ಜು ಗಟ್ಟಿ ಇದೆಯಾ ಅಂತ ನೋಡೋದು. ಏನಾದ್ರೂ ಬಿದ್ದ ಕೂಡ್ಲೇ ಆಡಿಟ್ಟಿಗೆ ಆದೇಶ. ಸಿಎಸ್‌ಎಂಟಿ ರೈಲ್ವೆ ಸ್ಟೇಷನ್ ಹತ್ರದ ಹಿಮಾಲಯ ಬ್ರಿಜ್ಜು ಸ್ವಲ್ಪ ಶಿಸ್ತಿಂದು, ಅದು ಆಡಿಟ್ ಮುಗಿಸ್ಕೊಂಡು, ಸಣ್ಣಪುಟ್ಟ ರಿಪೇರಿ ಸಾಕು ಅಂತ ಸರ್ಟಿಫಿಕೇಟ್ ತಗೊಂಡೇ 2019ರ ಮಾರ್ಚಲ್ಲಿ ಬಿತ್ತು. ಘಾಟ್ಕೋಪರ್ ಹೋರ್ಡಿಂಗ್ ಕತೆ ಹೇಳೋದೇ ಬೇಡ. ಪಾಲಿಕೆ ನಿಯಮ 40×40 ಅಡಿ, ನಿಂತಿದ್ದು 120×120. ಯಾರಿಗೂ ಕಾಣದ ಹಾಗೆ ಬಚ್ಚಿಟ್ಟಿದ್ದಲ್ಲ, ದೊಡ್ಡದು ಅಂತ ಲಿಮ್ಕಾ ದಾಖಲೆ ಪುಸ್ತಕಕ್ಕೂ ಹೋಗಿತ್ತು. 2024ರ ಮೇ 13ರ ಗಾಳಿಗೆ ಪೆಟ್ರೋಲ್ ಪಂಪಿನ ಮೇಲೆ ಬಿತ್ತು, 17 ಜನ ಹೋದ್ರು. ಜಾಗ ರೈಲ್ವೆ ಪೊಲೀಸ್ರದ್ದು, ನಮ್ಮ ಪರ್ಮಿಶನ್ ಇರ್ಲಿಲ್ಲ ಅಂದಿತು ಪಾಲಿಕೆ. ಆಯ್ತಪ್ಪ. 2017ರ ಆಗಸ್ಟ್ ಮಳೆಯಲ್ಲಿ ನಡ್ಕೊಂಡು ಮನೆಗೆ ಹೋಗ್ತಿದ್ದ ಡಾಕ್ಟರ್ ಎಲ್ಫಿನ್‌ಸ್ಟನ್ ರೋಡ್ ಹತ್ರ ಬಾಯಿ ತೆರೆದ ಮ್ಯಾನ್‌ಹೋಲಿಗೆ ಬಿದ್ರಲ್ಲ, ಎರಡು ದಿನ ಬಿಟ್ಟು ವರ್ಲಿಯಲ್ಲಿ ಶವ ಸಿಕ್ತಲ್ಲ, ಅದು ಯಾರ ಜಾಗ? ಒಂದು ಶಹರದಲ್ಲಿ ಮಳೆ ಬಂದಾಗ ಮನೆಗೆ ನಡ್ಕೊಂಡು ಹೋಗೋದೂ ಅಪರಾಧನಾ? ನಗೋಕೆ ಅಂತ ಬರೆಯೋಕೆ ಕೂತೆ, ಇಲ್ಲಿ ಬಂದು ನಗು ಬರ್ತಿಲ್ಲ.

ಈಗ ಬರೆಯುವಾಗ್ಲೇ ಫೋನ್ ಟಿಣ್ ಅಂತು. ರೆಡ್ ಅಲರ್ಟ್, ಅಗತ್ಯ ಇದ್ರೆ ಮಾತ್ರ ಹೊರಗೆ ಬನ್ನಿ, ತೊಂದರೆ ಆದ್ರೆ 1916ಕ್ಕೆ ಫೋನ್ ಮಾಡಿ. ಮಳೆ ಶುರುವಾಗಿ ಎರಡು ಗಂಟೆ ಆಯ್ತು, ಜನ ಎಲ್ಲ ಟ್ರ್ಯಾಕಲ್ಲಿ ನಿಂತ ಲೋಕಲ್ ಒಳಗಿದಾರೆ. ಅಗತ್ಯ ಇಲ್ದೆ ಬೆಳಿಗ್ಗೆ ಡೊಂಬಿವಿಲಿಯಿಂದ ಆ ಟ್ರೇನ್ ಯಾರು ಸ್ವಾಮಿ ಹತ್ತೋದು?