ತರಬೇತಿ ಒಂದೇ ಸಾಕಾ?
ಹರೆಯದ ಮಕ್ಕಳ ಆತ್ಮಹತ್ಯೆ ತಡೆಯಲು ಶಿಕ್ಷಕರಿಗೆ ತರಬೇತಿ ಕೊಟ್ಟರೆ ಸಾಕು ಎಂದು ಬರೆದಿದ್ದೀರಿ. ನನಗೆ ಅಷ್ಟು ನಂಬಿಕೆ ಇಲ್ಲ. ಯುರೋಪಿನ 10 ದೇಶಗಳ 168 ಶಾಲೆಗಳಲ್ಲಿ ನಡೆದ 'ಸೆಯ್ಲೆ' ಅಧ್ಯಯನ 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಶಿಕ್ಷಕರ ತರಬೇತಿಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಕ್ಕಳೇ ಪಾತ್ರ ಮಾಡಿ, ಮಾತಾಡಿ ಕಲಿಯುವ 'ಯಾಮ್' ತರಗತಿಗಳಿದ್ದ ಕಡೆ ಮಾತ್ರ ವರ್ಷದ ನಂತರ ಹೊಸ ಆತ್ಮಹತ್ಯೆ ಯತ್ನ ಕಮ್ಮಿ, ಶೇ 0.70. ಬರೀ ಪೋಸ್ಟರ್ ಹಚ್ಚಿದ ಶಾಲೆಗಳಲ್ಲಿ ಶೇ 1.51. ಅರ್ಧಕ್ಕಿಂತ ಕಡಿಮೆ, ನಿಜ. ಆದರೆ ತಲೆ ಎಣಿಸಿದರೆ 14 ಮತ್ತು 34 ಮಕ್ಕಳು, ಅಷ್ಟೇ. ಅದೂ ಮಕ್ಕಳೇ ಬರೆದುಕೊಟ್ಟ ಉತ್ತರದ ಮೇಲೆ. ಮೂರು ತಿಂಗಳಿಗೆ ನೋಡಿದಾಗಂತೂ ಗಟ್ಟಿ ವ್ಯತ್ಯಾಸವೇ ಇರಲಿಲ್ಲ. ನಮ್ಮಲ್ಲಿ ತರಬೇತಿ ಮುಗಿದ ದಿನವೇ ಫೋಟೊ ಸಮೇತ ವರದಿ ಕಳಿಸಿಬಿಡುತ್ತಾರೆ, ಅಲ್ವಾ? ವರ್ಷ ಕಳೆದ ಮೇಲೆ ಆ ಮಕ್ಕಳನ್ನು ಯಾರು ಕೇಳುತ್ತಾರೆ?